ಕೆನ್ನೆಯೊಳಗಿನ ಹುಣಸೆಬೀಜ

ಆಗಸ್ಟ್ 4, ಸೋಮವಾರ. ಪಾವಗಡ

ಬಸ್ ಲೇಟು. ಇವತ್ತೂ ಶಾಲೆಯ ಪ್ರಾರ್ಥನೆ ತಪ್ಪಿತು. ರಾಧಾಮಣಿ ಟೀಚರ್ ಚಾಪೆ ಹಾಸು ಅಂತ ಕಣ್ಣಲ್ಲೇ ಹೇಳಿದರು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ. ಟೀಚರೂ ನೆಲದ ಮೇಲೇ. ಬೆತ್ತವಿಲ್ಲ, ಕೂಗಾಟವಿಲ್ಲ. ಹೆಂಗೆ ಸಾಧ್ಯವೋ.

ಬಿ.ಎಡ್.ಗೆ ಅರ್ಜಿ ಹಾಕುವ ಮುಂಚೆ ಕ್ಲಾಸ್‌ರೂಮ್ ಹೇಗಿರುತ್ತೆ ನೋಡಿ ಬರ್ತೀನಿ ಅಂತ ಅಬ್ಬಾಗೆ ಹೇಳಿ ಶಿರಾದಿಂದ ಬಂದವಳು. ಅಮ್ಮಿಯ ತಂಗಿ ಚಾಂದ್ ಖಾಲಾ ಮನೆಯಲ್ಲಿ ವಾಸ. ಒಗ್ಗಲಿಲ್ಲ ಅಂದ್ರೆ ವಾಪಸ್ ಬಂದು ಅಂಗಡಿ ನೋಡ್ಕೋ ಅಂದಿದ್ದಾರೆ ಅಬ್ಬಾ. ಅಂಗಡಿ ಬೇಡ ನನಗೆ. ಟೀಚರೇ ಆಗಬೇಕು.

ಒಂದೇ ಬೇಜಾರು. ಟೀಚರ್ ಕ್ಲಾಸಲ್ಲಿ ಅಡಿಕೆ ಹಾಕ್ಕೋತಾರೆ. ಒಂದು ಕೆನ್ನೆ ಉಬ್ಬಿರುತ್ತೆ. ಇಷ್ಟು ಒಳ್ಳೆಯವರಿಗೆ ಇದೇನು ಚಟ...

ಆಗಸ್ಟ್ 7

ಶ್ರೀಲತಾಳನ್ನು ನನ್ನ ಪಕ್ಕ ಕೂರಿಸಿದರು. ಎರಡನೇ ಕ್ಲಾಸು. ಮನೆಯಲ್ಲಿ ತೆಲುಗು. ಕನ್ನಡ ಓದುವಾಗ ನಿಂತುಬಿಡುತ್ತಾಳೆ. ನಿಂತಾಗೆಲ್ಲ ನಾನು ಹೇಳಿಕೊಟ್ಟೆ. ಚಿತ್ರ, ಕೆಳಗೊಂದು ಸಾಲು ಇರುವ ಓದಿನ ಕಾರ್ಡು ಫಟಾಫಟ್ ಮುಗಿಯಿತು. ನಾನೂ ಪರವಾಗಿಲ್ಲ.

ಆಗಸ್ಟ್ 13, ಸಂಜೆ

ಟೀಚರ್ ಶ್ರೀಲತಾಳಿಂದ ಓದಿಸಿದರು. ನಾವು ಮುಗಿಸಿದ್ದ ಕಾರ್ಡೇ. ಮೊದಲ ಪದಕ್ಕೇ ನಿಂತಳು. ಕಾರ್ಡು ನೋಡಲಿಲ್ಲ. ಟೀಚರ್ ಮುಖವನ್ನೂ ನೋಡಲಿಲ್ಲ. ನನ್ನ ಬಾಯಿ ನೋಡಿದಳು — ಯಾವಾಗ ಹೇಳ್ತೀನಿ ಅಂತ. ನಾನು ಕಲಿಸಿದ್ದು ಅಷ್ಟೇ.

ಟೀಚರ್ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬಸ್‌ಸ್ಟಾಪಿನಲ್ಲಿ ನಾನೇ ಕೇಳಿದೆ, ನಾನು ಅರ್ಜಿ ಹಾಕಲಾ, ಬೇಡವಾ ಅಂತ. ಸುಮ್ಮನೆ ನನ್ನನ್ನೇ ನೋಡಿದರು. ಕೆನ್ನೆಯಲ್ಲಿದ್ದದ್ದು ಆ ಕಡೆಯಿಂದ ಈ ಕಡೆಗೆ ಹೊರಳಿತು. ಬಸ್ ಬಂತು.

ಸಿಟ್ಟು ಬಂದಿದೆ. ಅಳುವೂ.

ಆಗಸ್ಟ್ 22. ಶಿರಾ

ಜ್ವರ ಅಂತ ಟೀಚರ್‌ಗೆ ಫೋನ್ ಮಾಡಿ ಮನೆಗೆ ಬಂದುಬಿಟ್ಟಿದ್ದೇನೆ. ಜ್ವರ ಇಲ್ಲ.

ಅಂಗಡಿಯಲ್ಲಿ ಕೂತಿದ್ದೆ. ಯಾರದೋ ಮಗು ಅಮ್ಮನ ಸೆರಗು ಹಿಡಿದು ಎದುರಿನ ಬೋರ್ಡು ಓದುತ್ತಿತ್ತು. ಅರ್ಧಕ್ಕೆ ನಿಂತಿತು. ನನ್ನ ಬಾಯಿಗೆ ಬಂದೇಬಿಟ್ಟಿತ್ತು... ನಾಲಿಗೆ ಕಚ್ಚಿಕೊಂಡೆ. ಮಗು ಉಳಿದದ್ದನ್ನು ಓದುವ ಮೊದಲೇ ಅಮ್ಮ ಎಳೆದುಕೊಂಡು ಹೋದಳು. ಇನ್ನೊಂದು ನಿಮಿಷ ಬಿಟ್ಟಿದ್ದರೆ ತಾನೇ ಓದುತ್ತಿತ್ತು.

ಸೋಮವಾರ ವಾಪಸ್ ಹೋಗ್ತೀನಿ.

ಆಗಸ್ಟ್ 25. ಪಾವಗಡ

ಜ್ವರದ ಸುದ್ದಿ ಎತ್ತಲಿಲ್ಲ ಟೀಚರ್. ಬಿಸಿಯೂಟದ ಹೊತ್ತಿಗೆ ನಾನೇ ಬಾಯಿಬಿಟ್ಟೆ. ಸುಮ್ಮನಿರೋಕೆ ನನಗೆ ಬರಲ್ಲ ಅಂದೆ. ನಕ್ಕರು. ಬ್ಯಾಗಿನಿಂದ ಡಬ್ಬಿ ತೆಗೆದರು. ಅಡಿಕೆಯಲ್ಲ. ಹುರಿದ ಹುಣಸೆಬೀಜ. ಕಲ್ಲಿನ ಹಾಗೆ ಗಟ್ಟಿ.

"ನಂಗೂ ಬರಲ್ಲ ಕಣಮ್ಮ ಯಾಸ್ಮಿನ್. ಇಷ್ಟ್ ವರ್ಷ ಆದ್ರೂ ಉತ್ರ ನಾಲ್ಗೆ ತುದೀಗೆ ಬಂದ್ಬುಡ್ತದೆ. ಇದೊಂದು ಬಾಯಾಗಿದ್ರೆ ಮಕ್ಳು ಬಚಾವು."

ಹಾಗಾದರೆ ಅವತ್ತು ಬಸ್‌ಸ್ಟಾಪಿನಲ್ಲಿ?

"ನಿನ್ ಉತ್ರ ನಾನ್ಯಾಕಮ್ಮ ಹೇಳ್ಲಿ" ಅಂದರು. ಒಂದು ಹಿಡಿ ಬೀಜ ನನ್ನ ಕೈಗೆ ಸುರಿದರು.

ಇವರಿಗೆ ಚಟ ಅಂತ ಬರೆದಿದ್ದೆನಲ್ಲ. ಹಿಂದಿನ ಪುಟ ನೋಡಿ ನಾಚಿಕೆಯಾಯಿತು. ನನಗೆ ಇಂಥವರೇ ಸಿಕ್ಕರಲ್ಲ, ನನ್ನ ಅದೃಷ್ಟ.

ಆಗಸ್ಟ್ 29, ಸಂಜೆ

ಟೀಚರ್ ಮೀಟಿಂಗಿಗೆ ಹೋದರು. ಕ್ಲಾಸು ನನ್ನದು. ಬೀಜ ಕೆನ್ನೆಯಲ್ಲಿ.

ಶ್ರೀಲತಾ ಹೊಸ ಕಾರ್ಡು ತಂದಳು. ಎರಡನೇ ಪದಕ್ಕೆ ನಿಂತಳು. ನನ್ನ ಬಾಯಿ ನೋಡಿದಳು. ಮುಚ್ಚಿತ್ತು. ಇನ್ನೂ ನೋಡಿದಳು. ಅತ್ತುಬಿಡ್ತಾಳೇನೋ ಅನ್ನಿಸಿತು — ಬೀಜ ಕಚ್ಚಿ ಹಿಡಿದೆ. ಹಲ್ಲು ಜುಮ್ಮೆಂದಿತು. ಕೊನೆಗೆ ಕಾರ್ಡಿಗೆ ತಿರುಗಿದಳು. ಚಿತ್ರ ನೋಡಿ ತೆಲುಗಲ್ಲಿ ಏನೋ ಗೊಣಗಿದಳು, ಬೆರಳಿಟ್ಟಳು. ಒಂದೊಂದೇ ಅಕ್ಷರ... ಇಡೀ ಸಾಲು. ತಾನೇ ಓದಿದಳು.

ಎದ್ದು ಕುಣಿಯುವಷ್ಟು ಖುಷಿ. ಶಭಾಷ್ ಅನ್ನೋಣ ಅಂದ್ರೆ ಬಾಯಲ್ಲಿ ಬೀಜ. ನನ್ನ ಕೆನ್ನೆ ಮುಟ್ಟಿ ಅವಳೇ ಕೇಳಿದಳು.

"ಮಿಸ್, ಬಾಯಾಗೆ ಏನೈತೆ?"

ಅದೂ ಕನ್ನಡದಲ್ಲಿ. ಯಾರೂ ಹೇಳಿಕೊಡದೆ.

ಬಸ್ಸಲ್ಲಿ ಸುಮ್ಮನೆ ಇನ್ನೊಂದು ಬೀಜ ಹಾಕ್ಕೊಂಡೆ. ಇನ್ನೂ ಮೆತ್ತಗಾಗಿಲ್ಲ. ಫೋನ್ ಬಡ್ಕೋತಿದೆ. ಅಬ್ಬಾ. ಅಂಗಡಿಯೋ ಅರ್ಜಿಯೋ ಅಂತ ಕೇಳೋದಕ್ಕೇ. ಹೇಳ್ತೀನಿ ಅಬ್ಬಾ, ತಡೀರಿ, ಇದನ್ನ ಉಗುಳಿ —