ಹೊರಗಿನಿಂದ ಹಾಕುವ ಚಿಲಕ

ಮಾರಿಕುಪ್ಪ, ಕೋಲಾರದ ಚಿನ್ನದ ಗಣಿ ಪ್ರದೇಶ
30 ಫೆಬ್ರವರಿ 2149

ನಮ್ಮ ಹಿಂದಿನವರಿಗೆ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ವರ್ಷದ ಕೊನೆಗೆ ರಜೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಕೆಲವು ಒರಟೆನಿಸಬಹುದು. ಅದಕ್ಕೆ ಕ್ಷಮೆ ಕೇಳುವುದಿಲ್ಲ.

ನಾನು ಮುನಿಲಕ್ಷ್ಮಿ, ಇಲ್ಲಿನ ಚಿಪ್ ಕಾರ್ಖಾನೆಯ ಮುಖ್ಯಸ್ಥೆ. ಯಂತ್ರಬುದ್ಧಿಯ ಚಿಪ್ ಯಾರು ಮಾಡಬೇಕು, ಯಾರಿಗೆ ಮಾರಬಾರದು ಎಂದು ನಿಮ್ಮ ಕಾಲದ ದೊಡ್ಡ ದೇಶಗಳು ಜಗಳವಾಡುತ್ತಿದ್ದವಂತೆ. ಆ ಜಗಳ ಮುಗಿಯಿತು. ಎರಡು ಕೂಟಗಳಾದವು, ಜಗತ್ತಿನ ಚಿಪ್‌ಗಳನ್ನೆಲ್ಲ ಅವೇ ಹಂಚಿಕೊಂಡವು. ಅವರು ಮಾರುವ ಪ್ರತಿ ಚಿಪ್‌ಗೂ ನೂರು ದಿನಕ್ಕೊಮ್ಮೆ ಕಡಲಾಚೆಯಿಂದ ಒಂದು ಅನುಮತಿ ಬರಬೇಕು. ಅದನ್ನು ನಾವು ‘ಉಸಿರು’ ಎನ್ನುತ್ತೇವೆ. ಬಂದರೆ ಚಿಪ್ ಇನ್ನು ನೂರು ದಿನ ಕೆಲಸ ಮಾಡುತ್ತದೆ, ಬಾರದಿದ್ದರೆ ಸತ್ತ ಹಾಗೆ. ನೀರಿನ ಪಂಪು, ಆಸ್ಪತ್ರೆಯ ಯಂತ್ರ, ಶಾಲೆಯ ಪಾಠ, ಎಲ್ಲವೂ ಈ ಉಸಿರನ್ನೇ ನೆಚ್ಚಿಕೊಂಡಿದ್ದವು. ನನ್ನ ಕಿವಿಯೂ ಅಷ್ಟೇ. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋದಾಗಿನಿಂದ ಅವರ ಪುಟ್ಟ ಚಿಪ್ಪೇ ನನಗೆ ಮಾತು ಕೇಳಿಸುತ್ತಿದೆ.

ಮೂವತ್ತು ವರ್ಷದ ಹಿಂದೆ ಯಾವುದೋ ಸಭೆಯಲ್ಲಿ ನಮ್ಮ ಸರ್ಕಾರ ನಮಗೆ ಚಿಪ್ ಮಾರುವ ಕೂಟದ ವಿರುದ್ಧ ಕೈ ಎತ್ತಿತೆಂದು ಹನ್ನೆರಡು ದಿನ ಉಸಿರು ತಡೆದರು. ಊರವರೆಲ್ಲ ಬಿಂದಿಗೆ ಹಿಡಿದು ಕೆರೆಗೆ ಓಡಾಡಿದರು. ನನ್ನ ಮಗ ಮೊದಲ ಮಾತಾಡಿದ್ದು ಆ ಹನ್ನೆರಡು ದಿನದೊಳಗೆ. ‘ಅಮ್ಮ’ ಎಂದನೆಂದು ನನ್ನ ಗಂಡ ಹೇಳುತ್ತಾರೆ. ‘ಕಾಕಾ’ ಎಂದನೆಂದು ಅತ್ತೆ ಹೇಳುತ್ತಿದ್ದರು. ಅತ್ತೆ ಸುಳ್ಳು ಹೇಳುವವರಲ್ಲ.

ಆ ಸಿಟ್ಟಿನಲ್ಲೇ ಹಳೆಯ ಗಣಿಯ ಕಟ್ಟಡದಲ್ಲಿ ನಮ್ಮದೇ ಚಿಪ್ ಮಾಡಲು ಕುಳಿತೆವು. ನಮ್ಮದು ದಪ್ಪ, ನಿಧಾನ, ಮುಟ್ಟಿದರೆ ಬಿಸಿ. ಊರಿನವರು ಅದನ್ನು ನಿಪ್ಪಟ್ಟು ಎಂದೇ ಕರೆಯುತ್ತಾರೆ. ಕೂಟದ ಅಧಿಕಾರಿಗಳು ನೋಡಿ ನಕ್ಕರು. ನಗಲಿ. ಇವತ್ತು ನಮ್ಮ ಪಂಪುಗಳೂ ಆಸ್ಪತ್ರೆಯೂ ಶಾಲೆಯೂ ನಡೆಯುತ್ತಿರುವುದು ನಿಪ್ಪಟ್ಟಿನಿಂದಲೇ.

ಕಾರ್ಖಾನೆಯ ಬಾಗಿಲಲ್ಲಿ ಒಂದು ಮರದ ಹಲಗೆಯಿದೆ. ಒಳಗೆ ಹೋಗುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಅದಕ್ಕೆ ನೇತುಹಾಕಬೇಕು, ಹೊರಬರುವಾಗ ತೆಗೆದುಕೊಳ್ಳಬೇಕು. ಇದು ಚಿನ್ನ ತೆಗೆಯುತ್ತಿದ್ದ ಕಾಲದ ಪದ್ಧತಿ. ಹಲಗೆಯಲ್ಲಿ ಒಂದು ಬಿಲ್ಲೆ ಉಳಿದಿದ್ದರೂ ಗಣಿಯ ಬಾಗಿಲು ಮುಚ್ಚುವಂತಿರಲಿಲ್ಲ. ನಮ್ಮ ನಕ್ಷೆ ಬರೆಯುವ ಸೆಲ್ವರಾಣಿ ಅಂಥ ಗಣಿ ಕೆಲಸದವರ ಮನೆತನದವಳು. ಮೊದಲ ನಿಪ್ಪಟ್ಟಿಗೆ ಕೂಟದ ಹಳೆಯ ನಕ್ಷೆಯೊಂದನ್ನು ನಕಲು ಮಾಡುವಾಗ ಉಸಿರನ್ನು ಕಾಯುವ ಭಾಗವನ್ನೇ ಬಿಟ್ಟುಬಿಟ್ಟಳು. ಅದಿಲ್ಲದ ಚಿಪ್ ಮಾಡುವುದು ಕೂಟಗಳ ಕಾನೂನಿನಲ್ಲಿ ಅಪರಾಧ. ನಾನು ಗದರಿದೆ.

“ಒಳಗೆ ಜನ ಇರೋವಾಗ ಹೊರಗಿಂದ ಹಾಕೋ ಚಿಲಕ ನಮ್ಮ ಮನೇಲಿ ಯಾರೂ ಮಾಡಿಲ್ಲಕ್ಕ. ನಂಗೆ ಕೈ ಬರಲಿಲ್ಲ,” ಅಂದಳು.

ಆ ತಪ್ಪನ್ನು ನಾವು ತಿದ್ದಲಿಲ್ಲ.

ಈಗ ಕೂಟದಿಂದ ಕಾಗದ ಬಂದಿದೆ. ನಿಪ್ಪಟ್ಟಿಗೂ ಚಿಲಕ ಸೇರಿಸುತ್ತೇವೆಂದು ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ನಾನು ಸಹಿ ಹಾಕಬೇಕು. ಇಲ್ಲವಾದರೆ ಊರಲ್ಲಿ ಉಳಿದಿರುವ ಅವರ ಚಿಪ್‌ಗಳಿಗೆ ಉಸಿರಿಲ್ಲ. ಅವುಗಳ ನೂರು ದಿನ ಆ ಹೊತ್ತಿಗೇ ಮುಗಿಯುತ್ತದೆ. ಉಳಿದಿರುವುದು ಒಂಬತ್ತೇ, ಒಂಬತ್ತೂ ನಮ್ಮಂಥವರ ಕಿವಿಯಲ್ಲಿ. ನಿಪ್ಪಟ್ಟು ಕಿವಿಯೊಳಗೆ ಹಿಡಿಸುವಷ್ಟು ಸಣ್ಣದಾಗಲು ನಾಲ್ಕು ವರ್ಷವಾದರೂ ಬೇಕು. ಉಳಿದ ಎಂಟೂ ಜನರ ಮನೆಗೆ ಹೋಗಿ ಕೇಳಿದೆ. ಅಂತೋಣಪ್ಪನವರು, “ನಾಲ್ಕು ವರ್ಷ ನಮ್ಮೋಳ ಬೈಗುಳ ತಪ್ಪುತ್ತಲ್ಲಮ್ಮ, ಹೋಗು, ಹಾಕ್ಬೇಡ ಸಹಿ,” ಅಂದರು. ಹೇಳುವಾಗ ಹೆಂಡತಿಯ ಕೈ ಹಿಡಿದುಕೊಂಡಿದ್ದರು. ಒಬ್ಬರೂ ಸಹಿ ಹಾಕು ಎನ್ನಲಿಲ್ಲ. ನನ್ನ ಮೊಮ್ಮಗಳಿಗೆ ಈಗ ಹತ್ತು ತಿಂಗಳು. ಇವತ್ತೋ ನಾಳೆಯೋ ಮಾತಾಡುತ್ತಾಳೆ. ಅದನ್ನೂ ಕೇಳದೆ ಹೋಗುತ್ತೇನಲ್ಲ ಎಂಬ ಸಂಕಟವಿಲ್ಲವೆಂದು ಸುಳ್ಳೇಕೆ ಹೇಳಲಿ.

ನಿಮ್ಮ ಮೇಲೂ ನನಗೆ ಸಿಟ್ಟಿದೆ. ಅಗ್ಗಕ್ಕೆ ಸಿಕ್ಕಿತು, ಬೇಗ ಓಡುತ್ತದೆ ಎಂದು ಖುಷಿಯಿಂದ ಮನೆಗೆ ತಂದವರು ನೀವು. ಇನ್ನಾದರೂ ಕೊಳ್ಳುವಾಗ ಅದರ ಚಿಲಕ ಯಾವ ಕಡೆಗಿದೆ ಎಂದು ಒಂದು ಮಾತು ಕೇಳಿ. ನಾನು ನಿಮ್ಮಿಂದ ಬೇಡುವುದು ಇಷ್ಟೇ.

ಹನ್ನೆರಡಕ್ಕೆ ಇನ್ನು ಐದು ನಿಮಿಷ. ಕಾಗದ ಸಹಿಯಿಲ್ಲದೆ ಕಾರ್ಖಾನೆಯ ಬಾಗಿಲ ಹೊರಗಿನ ನನ್ನ ಕಚೇರಿಯ ಮೇಜಿನ ಮೇಲಿದೆ. ಸೆಲ್ವರಾಣಿ ನನ್ನ ಮೊಮ್ಮಗಳನ್ನು ತಂದು ಎದುರಿಗೆ ಕೂರಿಸಿದ್ದಾಳೆ. ಕೂಸು ನನ್ನ ಹಿತ್ತಾಳೆ ಬಿಲ್ಲೆಯನ್ನು ಹಿಡಿದು ಮೇಜಿಗೆ ಕುಟ್ಟುತ್ತಿದೆ. ಆ ಸದ್ದು ಕೇಳುತ್ತಲೇ ಇದನ್ನು ಬರೆಯುತ್ತಿದ್ದೇನೆ.

ಈಗ ಕುಟ್ಟುತ್ತಿರುವುದು ಕಾಣುತ್ತದೆ, ಅಷ್ಟೇ.

ಮಧ್ಯಾಹ್ನದ ಪಾಳಿ ಶುರುವಾಯಿತು. ಕಿವಿಗೆ ಹಿಡಿಸುವ ನಿಪ್ಪಟ್ಟಿನ ಕೆಲಸ ಇವತ್ತಿನಿಂದಲೇ. ಕೂಸಿನ ಕೈಯಿಂದ ಬಿಲ್ಲೆ ಬಿಡಿಸಿಕೊಂಡು ಹಲಗೆಗೆ ನೇತುಹಾಕಿ ಬಂದೆ. ಯಾರು ಎಲ್ಲಿಂದ ಬಾಗಿಲು ಮುಚ್ಚಲು ಬಂದರೂ ಮೊದಲು ಅದನ್ನು ನೋಡಲಿ. ನಾನು ಒಳಗಿದ್ದೇನೆ.

ಮುನಿಲಕ್ಷ್ಮಿ