ಹಾಕದೆ ಬಿಟ್ಟ ರಿಮೈಂಡರ್

ಅತ್ತೆಯ ಮನೆಯಿಂದ
ಮಂಗಳವಾರ, ಮಧ್ಯಾಹ್ನ

ಗುಬ್ಬಿಯ ಅಪ್ಪನಿಗೆ,

ಮೊದಲಿಗೆ ‘ಪ್ರೀತಿಯ’ ಎಂದು ಸೇರಿಸಲು ಕೈ ಬರಲಿಲ್ಲ. ಸೇರಿಸದೆ ಬಿಡಲು ಮನಸ್ಸೂ ಒಪ್ಪುತ್ತಿಲ್ಲ. ಸದ್ಯಕ್ಕೆ ಹೀಗೇ ಇರಲಿ.

ಮಗಳನ್ನು ಕರೆದುಕೊಂಡು ನಿಮ್ಮ ಅಮ್ಮನ ಮನೆಗೆ ಬಂದಿದ್ದೇನೆ ಎಂದು ನಿಮಗೆ ಗೊತ್ತು. ಯಾಕೆ ಬಂದೆ ಎನ್ನುವುದು ಮಾತ್ರ ಗೊತ್ತಾದಂತಿಲ್ಲ. ನಿನ್ನೆ ನೀವು ಕಳಿಸಿದ ಮೆಸೇಜ್ ನೋಡಿದೆ. ವಾಪಸ್ ಬರುವ ದಿನವನ್ನು ಫೋನಿನ ಕ್ಯಾಲೆಂಡರಿಗೆ ಹಾಕಬೇಕಂತೆ. ಓದಿದವಳೇ ಫೋನನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ತುರುಕಿ ಬಾಗಿಲು ಹಾಕಿದೆ. ಅದಕ್ಕೇ ಈ ಕಾಗದ. ನಾಳೆ ಕೆಲಸಕ್ಕೆ ಹೋಗುವಾಗ ನಮ್ಮ ಮನೆಯ ಬಾಗಿಲ ಕೆಳಗೆ ತೂರಿಸಿ ಹೋಗುತ್ತೇನೆ. ಇದನ್ನು ಬೆರಳಿಂದ ಪಕ್ಕಕ್ಕೆ ತಳ್ಳಲು ಆಗುವುದಿಲ್ಲ, ಕೂತು ಓದಬೇಕು.

ಈ ಕ್ಯಾಲೆಂಡರ್ ಶುರುವಾದಾಗ ಹೆಚ್ಚು ಖುಷಿಪಟ್ಟವಳು ನಾನೇ. ನಿಮ್ಮ ಕೆಲಸ ಎಂಥದ್ದೆಂದು ನನಗೆ ತಿಳಿಯದೆ ಇಲ್ಲ. ಎಲ್ಲೋ ಒಂದು ಲಿಫ್ಟ್ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತೆಂದರೆ ಊಟದ ತಟ್ಟೆ ಬಿಟ್ಟು ಓಡಬೇಕು. ಶಾಲೆಯ ನಾಟಕಕ್ಕೆ ನೀವು ಬರಲಿಲ್ಲವೆಂದು ಗುಬ್ಬಿ ಮರದ ವೇಷದಲ್ಲೇ ಗೇಟಿನ ಹತ್ತಿರ ನಿಂತು ಅತ್ತ ಮೇಲೆ, ನೀವೇ ನಮ್ಮಿಬ್ಬರ ಫೋನಿಗೂ ಸೇರಿಸಿ ಒಂದೇ ಕ್ಯಾಲೆಂಡರ್ ಮಾಡಿದಿರಿ. ಕೆಲಸಕ್ಕೆ ನೀಲಿ, ಗುಬ್ಬಿಗೆ ಹಳದಿ, ಮನೆಗೆ ಹಸಿರು. ಎಷ್ಟು ಮುಂಚೆ ನೆನಪಿಸಬೇಕು, ಪ್ರತಿ ವಾರ ಬರುವಂತೆ ಹೇಗೆ ಮಾಡಬೇಕು ಎಂದೆಲ್ಲ ಸೋಫಾದಲ್ಲಿ ಪಕ್ಕದಲ್ಲೇ ಕೂತು ತೋರಿಸಿಕೊಟ್ಟಿರಿ. ನೀವು ಹಾಗೆ ಪಕ್ಕದಲ್ಲಿ ಕೂತು ಎಷ್ಟು ಕಾಲವಾಗಿತ್ತೋ. ಅರ್ಥವಾದದ್ದನ್ನೂ ಅರ್ಥವಾಗಲಿಲ್ಲವೆಂದು ನಾನು ಮತ್ತೆ ಮತ್ತೆ ಕೇಳಿದೆ.

ಆಮೇಲೆ ನನ್ನ ಗ್ರಹಚಾರ ಶುರುವಾಯಿತು. ಲಾಂಡ್ರಿಯಲ್ಲಿ ಬಿಸಿ ರೋಲರಿನ ಎದುರು ಹೋಟೆಲಿನ ಚಾದರ ಎಳೆದು ಹಿಡಿದಿರುತ್ತೇನೆ, ಏಪ್ರನ್ ಜೇಬಿನಲ್ಲಿ ಟಿಂಗ್: ಗ್ಯಾಸ್ ಬುಕ್ ಮಾಡು. ಇನ್ನೊಂದು ಚಾದರ ಎತ್ತುವಷ್ಟರಲ್ಲಿ ಮತ್ತೆ ಟಿಂಗ್: ಗುಬ್ಬಿಯ ಉಗುರು ಕತ್ತರಿಸು. ಪಕ್ಕದ ಮೇಜಿನವಳು, ಇದು ನಿಮ್ಮ ಯಜಮಾನರಾ, ನಮ್ಮ ಮ್ಯಾನೇಜರಾ ಎಂದು ಕೇಳಿ ನಗುತ್ತಾಳೆ. ನೋಡನೋಡುತ್ತ ನಿಮ್ಮ ಫೋನಿನಲ್ಲಿ ಬರೀ ಲಿಫ್ಟುಗಳು ಉಳಿದವು, ಹಸಿರೆಲ್ಲ ನನ್ನ ಪಾಲಿಗೆ ಬಂತು. ಕೊನೆಗೆ ನಿಮ್ಮ ಅಮ್ಮನಿಗೆ ಫೋನ್ ಮಾಡುವುದನ್ನೂ ನನಗೇ ಹಾಕಿಬಿಟ್ಟಿರಿ, ಪ್ರತಿ ಸೋಮವಾರ ಬೆಳಿಗ್ಗೆ, ಟೀ ಬಿಡುವಿನ ಹೊತ್ತಿಗೆ. ಅತ್ತೆಗೂ ಇದು ತಿಳಿದುಹೋಗಿತ್ತು. ಫೋನ್ ಎತ್ತಿದವರೇ, ಏನಮ್ಮ, ಗಂಟೆ ಹೊಡೀತಾ ಎನ್ನುತ್ತಿದ್ದರು. ನಾಚಿಕೆಯಾಗುತ್ತಿದ್ದದ್ದು ನನಗೆ.

ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ ದಿನವೇ ನಿಮಗೆ ಹೇಳಿದೆ. ನೀವು ಬೂಟು ಬಿಚ್ಚುತ್ತಿದ್ದಿರಿ. ನಿಮ್ಮ ಮುಖ ಇಳಿದುಹೋಯಿತು, ಅದನ್ನು ನಾನು ನೋಡಿದೆ, ಇಲ್ಲ ಎನ್ನುವುದಿಲ್ಲ. ಆದರೆ ಪರೀಕ್ಷೆಯ ದಿನವನ್ನು ಕ್ಯಾಲೆಂಡರಿಗೆ ಹಾಕಿಬಿಡು, ನಾನೂ ಬರುತ್ತೇನೆ ಎಂದು ಹೇಳಿ ಕೈ ತೊಳೆಯಲು ಎದ್ದಿರಿ. ಡಾಕ್ಟರು ದಿನ ಕೊಟ್ಟ ಮೇಲೆ ಹಾಕಿದೆ. ಆಸ್ಪತ್ರೆ, ಸೂಜಿ ಪರೀಕ್ಷೆ, ಸೋಮವಾರ ಬೆಳಿಗ್ಗೆ, ಇಬ್ಬರೂ. ನೀವು ಒಪ್ಪಿಗೆ ಒತ್ತಿದ್ದೂ ನನಗೆ ಕಂಡಿತು. ರಿಮೈಂಡರ್ ಮಾತ್ರ ಹಾಕಲಿಲ್ಲ. ಮರೆತದ್ದಲ್ಲ. ಗ್ಯಾಸಿಗೆ, ಉಗುರಿಗೆ, ನೀರಿನ ಫಿಲ್ಟರಿಗೆ ಟಿಂಗ್ ಇರಲಿ, ಇದೊಂದಾದರೂ ನಿಮಗೆ ತಾನಾಗಿ ನೆನಪಿರಲಿ ಎಂದುಕೊಂಡೆ. ಹಠವೆಂದರೆ ಹಠ.

ಹೋದ ವಾರದ ಸೋಮವಾರ ನೀವು ಎಂದಿನಂತೆ ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟಿರಿ. ಕೆಲಸದಿಂದ ನೇರ ಅಲ್ಲಿಗೇ ಬರುತ್ತೀರೇನೋ ಎಂದುಕೊಂಡೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟು ಜಾಗ ಹಿಡಿದೆ. ಕೇಳಿದವರಿಗೆಲ್ಲ ನಮ್ಮವರು ಬರುತ್ತಿದ್ದಾರೆ ಎಂದೆ. ಆಮೇಲೆ ಊರುಗೋಲು ಹಿಡಿದ ಅಜ್ಜಿಯೊಬ್ಬರು ಬಂದು ಎದುರಿಗೆ ನಿಂತರು. ಚೀಲವನ್ನು ತೊಡೆಯ ಮೇಲೆ ತೆಗೆದುಕೊಳ್ಳಲೇಬೇಕಾಯಿತು. ನಿಮಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅಷ್ಟರಲ್ಲಿ ಟಿಂಗ್ ಎಂದಿತು. ನೀವೇ ಇರಬೇಕೆಂದು ಗಡಬಡಿಸಿ ನೋಡಿದರೆ: ಅಮ್ಮನಿಗೆ ಫೋನ್ ಮಾಡು.

ಅಳಬೇಕೋ ನಗಬೇಕೋ ತಿಳಿಯದೆ, ಮಾಡಿದೆ. ಅತ್ತೆ ಎಂದಿನಂತೆ ಗಂಟೆಯ ಮಾತೆತ್ತಿದರು. ಹಿಂದಿನಿಂದ ನರ್ಸ್ ಯಾರದೋ ಹೆಸರು ಕೂಗಿದ್ದು ಅವರಿಗೂ ಕೇಳಿಸಿತು. ಎಲ್ಲಿದ್ದೀ ಎಂದರು, ಹೇಳಿದೆ. ಜೊತೆಗೆ ಯಾರಿದ್ದಾರೆ ಎಂದರು, ಅದನ್ನೂ ಹೇಳಿದೆ.

“ಅಲ್ಲೇ ಕೂತಿರು, ಬರ್ತಿದೀನಿ.”

ಬಸ್ಸು ಬದಲಿಸಿ ಬಂದರು, ಮನೆಯೊಳಗೆ ಹಾಕುವ ರಬ್ಬರ್ ಚಪ್ಪಲಿಯಲ್ಲೇ. ಬಂದವರು ಸಮಾಧಾನದ ಮಾತೇನೂ ಆಡಲಿಲ್ಲ. ನಮ್ಮ ಹುಡುಗಿಯನ್ನು ಎಷ್ಟು ಹೊತ್ತು ಕಾಯಿಸುತ್ತೀರಿ ಎಂದು ನರ್ಸ್ ಜೊತೆ ಜಗಳಕ್ಕೆ ನಿಂತರು. ಸೂಜಿ ಚುಚ್ಚುವಾಗ ಅವರ ಕೈಯನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ, ಹೊರಗೆ ಬಂದ ಮೇಲೂ ಬೆರಳು ನೀವಿಕೊಳ್ಳುತ್ತಲೇ ಇದ್ದರು.

ಸಂಜೆ ನೀವು ಊಟಕ್ಕೆ ಕೂತಾಗ, ಇವತ್ತು ರಜೆ ಹಾಕಿದ್ದೆಯಾ ಎಂದು ಕೇಳಿದಿರಿ. ಎಲ್ಲಿಗೆ ಹೋಗಿದ್ದೆನೆಂದು ಹೇಳಿದೆ. ನೀವು ಎದ್ದು ಹೋಗಿ ಫೋನ್ ತಂದಿರಿ. ನನ್ನ ಮುಖ ನೋಡಲಿಲ್ಲ. ಬೆರಳಾಡಿಸಿ, ಹುಡುಕಿ, ಹೇಳಿದಿರಿ:

“ಇದಕ್ಕೆ ರಿಮೈಂಡರೇ ಹಾಕಿಲ್ವಲ್ಲ ನೀನು.”

ಹೆದರಿಕೆಗೆ ಹಾಗಂದಿರೋ, ನಾಚಿಕೆಗೆ ಅಂದಿರೋ, ನನಗೆ ಗೊತ್ತಿಲ್ಲ. ನೋಯಿತಾ ಎಂದು ಒಂದು ಮಾತು ಕೇಳಿದ್ದರೆ ನಾನು ಮನೆಯಲ್ಲೇ ಇರುತ್ತಿದ್ದೆ. ಬೆಳಗಾದ ಮೇಲೆ ಗುಬ್ಬಿಯ ಬಟ್ಟೆ ತುಂಬಿಕೊಂಡು ಇಲ್ಲಿಗೆ ಬಂದೆ.

ನಡುವೆ ನಿಂತ ಲಿಫ್ಟಿನೊಳಗಿರುವವರಿಗೆ ಧೈರ್ಯ ಹೋಗದಿರಲೆಂದು, ಬಾಗಿಲು ತೆರೆಯುವವರೆಗೂ ಸಂದಿಯಿಂದ ಮಾತಾಡಿಸುತ್ತಲೇ ಇರುತ್ತೀರಂತೆ. ನೀವೇ ಹೇಳಿದ್ದು. ಅವರು ಯಾರೋ ಏನೋ, ಊರು ಯಾವುದು, ಮಕ್ಕಳೆಷ್ಟು ಎಂದು ಕೇಳುತ್ತೀರಿ. ಹಾಗೆ ಮಾತಾಡಿಸಲು ನಿಮಗೆ ಬರುತ್ತದೆ ಎಂದಾಯಿತು. ನನ್ನ ಹತ್ತಿರ ಬಂದಾಗ ಆ ಮಾತೆಲ್ಲ ಎಲ್ಲಿ ಹೋಗುತ್ತದೆ? ಯೋಚಿಸಿ ಯೋಚಿಸಿ ನನಗೆ ತಲೆ ಕೆಟ್ಟಿದೆ.

ಹಸಿರನ್ನೆಲ್ಲ ನನ್ನ ಫೋನಿನಿಂದ ಅಳಿಸಿದ್ದೇನೆ. ಗ್ಯಾಸು, ಫಿಲ್ಟರು ಇನ್ನು ನಿಮ್ಮ ತಲೆನೋವು. ಅಮ್ಮನಿಗೆ ಫೋನ್ ಮಾಡುವುದೂ ನಿಮ್ಮದೇ. ಅವರು ಎತ್ತುತ್ತಾರೆಂಬ ಖಾತ್ರಿ ನಾನು ಕೊಡಲಾರೆ. ಗುಬ್ಬಿ ಚೆನ್ನಾಗಿದ್ದಾಳೆ. ನಿಮ್ಮನ್ನು ಕೇಳುತ್ತಾಳೆ, ಅಪ್ಪನಿಗೆ ಕೆಲಸ ಎನ್ನುತ್ತೇನೆ. ಅಷ್ಟು ಹೇಳಿದ್ದಕ್ಕೂ ಅತ್ತೆ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ.

ಇತಿ,
ಗುಬ್ಬಿಯ ಅಮ್ಮ

ತಾ.ಕ.: ಪರೀಕ್ಷೆಯ ಫಲಿತಾಂಶ ಶನಿವಾರವೇ ಬಂತು. ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಗಂಟು ಒಳ್ಳೆಯದಲ್ಲ. ಬೇಗ ಸಿಕ್ಕಿದೆ, ತೆಗೆದರೆ ಗುಣವಾಗುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಈ ಶುಕ್ರವಾರ ಬೆಳಿಗ್ಗೆ ಆಪರೇಷನ್. ಜೊತೆಗೆ ಯಾರಿರುತ್ತಾರೆ ಎಂದು ಕೌಂಟರಿನವಳು ಕೇಳಿದಾಗ ಅತ್ತೆ ತಮ್ಮ ಹೆಸರು ಹೇಳಲು ಬಾಯಿ ತೆರೆದರು. ಅವರಿಗಿಂತ ಮುಂಚೆ ನಾನು ನಿಮ್ಮ ಹೆಸರು ಹೇಳಿಬಿಟ್ಟೆ. ಅವರಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.