ಎತ್ತಿನ ಬಲಗಣ್ಣು

ಚೌಡಪ್ಪ,

ಊರು ಬಿಟ್ಟು ಹೋದವನಿಗೆ ಕಾಗದ ಎಲ್ಲಿಗೆ ಕಳಿಸಲಿ? ಆದರೂ ಬರೆಯುತ್ತಿದ್ದೇನೆ.

ಇವತ್ತು ಬಂಗಾರಪೇಟೆ ಸಂತೆಯಲ್ಲಿ ಎತ್ತು ಕೊಂಡೆ. ಸುಳಿ, ಹಲ್ಲು ನೋಡುವುದಕ್ಕೆ ಊರಿನವರೆಲ್ಲ ನನ್ನನ್ನೇ ಕರೆದೊಯ್ಯುತ್ತಾರೆ, ನಿನಗೆ ಗೊತ್ತು. ಎತ್ತಿನ ಬಾಯಿ ಬಿಡಿಸುವಾಗ ಜನರ ನಡುವೆ ನಿನ್ನದರಂಥದ್ದೇ ಕೆಂಪಂಚಿನ ವಲ್ಲಿ ಯಾರದೋ ಹೆಗಲ ಮೇಲೆ ಕಂಡಿತು. ಮೈಯೆಲ್ಲ ಉರಿಯಿತು. ಅದು ಮರೆಯಾಗುವವರೆಗೂ ಅದನ್ನೇ ನೋಡಿದೆ. ನೀನಲ್ಲ, ಬೇರೆ ಯಾರೋ.

ಮನೆಗೆ ಬಂದರೆ ನನ್ನವಳು ಅಕ್ಕಯ್ಯಮ್ಮ, "ಎತ್ತಿನ ಬಲಗಣ್ಣಾಗೆ ಬಿಳೀ ಹೂವು ಬಿದ್ದೈತಲ್ಲಾ, ಕಾಣ್ಲಿಲ್ವಾ ನಿಮ್ಗೆ?" ಎಂದಳು.

ಕಾಣಲಿಲ್ಲ.

ಚಿನ್ನದ ಗಣಿಯಲ್ಲಿ ದುಡಿಯುವಾಗ ಒಂದೇ ಬುತ್ತಿಯಲ್ಲಿ ಉಂಡವರು ನಾವು. ಚಿನ್ನದ ಕಲ್ಲು ಕದ್ದವನು ನೀನು; ಗಣಿಯ ಗೇಟಿನಲ್ಲಿ ಕಳ್ಳ ಇವನೇ ಎಂದು ನನ್ನತ್ತ ಬೆರಳು ತೋರಿಸಿದೆ. ಅಂದು ಗೇಟಿನ ಬಳಿ ಬುತ್ತಿ ತಂದು ನಿಂತಿದ್ದ ಅಕ್ಕಯ್ಯಮ್ಮ ಇವತ್ತು ಹೇಳುತ್ತಾಳೆ: "ಚೌಡಣ್ಣ ಅಳ್ತಿದ್ದ."

ನಾನು ಬೆರಳನ್ನಷ್ಟೇ ನೋಡಿದ್ದೆ.